ಆದಿಪುರಾಣದ ಮನೆಪಾಠ: ಒಂದು ವಿವೇಚನೆ

ಆದಿತೀರ್ಥಂಕರನ ಚರಿತೆಯನ್ನು ಹೇಳುವ ಕಾವ್ಯಗಳಲ್ಲಿ ಓದುಗರ ಮನಸ್ಸು ಸಾಮಾನ್ಯವಾಗಿ ಎರಡು ಸ್ಥಳಗಳಲ್ಲಿ ನಿಲ್ಲುತ್ತದೆ. ಒಂದು ನೀಲಾಂಜನೆಯ ನೃತ್ಯ, ಇನ್ನೊಂದು ಭರತ ಬಾಹುಬಲಿಯರ ಕಾಳಗ. ಈ ಎರಡಕ್ಕೂ ಮುಂಚೆ ಬರುವ ಒಂದು ಚಿಕ್ಕ ಪ್ರಸಂಗವು ಅಷ್ಟಾಗಿ ವಿಮರ್ಶೆಗೆ ಒಳಗಾಗಿಲ್ಲ. ಅದು ವೃಷಭದೇವನು ತನ್ನ ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸಿದ ಪ್ರಸಂಗ. ಅದನ್ನು ಉಲ್ಲೇಖಿಸುವವರು ಬಹುಮಟ್ಟಿಗೆ ಎರಡು ಉದ್ದೇಶಗಳಿಂದ ಉಲ್ಲೇಖಿಸುತ್ತಾರೆ: ಬ್ರಾಹ್ಮೀ ಲಿಪಿಯ ಹೆಸರಿನ ಮೂಲವನ್ನು ತೋರಿಸಲು, ಇಲ್ಲವೆ ಜೈನಪರಂಪರೆಯಲ್ಲಿ ಸ್ತ್ರೀವಿದ್ಯೆಗೆ ಮನ್ನಣೆಯಿತ್ತೆಂದು ಸಾಧಿಸಲು. ಎರಡೂ ಉಚಿತವೇ. ಆದರೆ ಕವಿಯು ಅಲ್ಲಿ ಮುಖ್ಯವಾಗಿ ಚಿತ್ರಿಸಿರುವುದು ಒಂದು ಮನೆಯನ್ನು. ವಯಸ್ಸಿನಲ್ಲಿಯೂ ಒಲವಿನಲ್ಲಿಯೂ ಭಿನ್ನರಾದ ಹಲವು ಮಕ್ಕಳಿಗೆ ಒಬ್ಬನೇ ಗುರುವು ಪಾಠ ಹೇಳಬೇಕಾಗಿ ಬಂದ ಮನೆಯನ್ನು. ಈ ದೃಷ್ಟಿಯಿಂದ ಓದಿದಾಗ ಆ ಪ್ರಸಂಗವು ಇಂದಿನ ಗೃಹಸ್ಥರಿಗೂ ಹೇಳುವ ಮಾತು ಒಂದಿದೆ.

ಪ್ರಸಂಗದ ಮೂಲವು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿದೆ. ಜಿನಸೇನರು 9ನೆಯ ಶತಮಾನದವರು, ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೆ ಪೂಜ್ಯರಾಗಿದ್ದವರು. ಕಿವಿ ಚುಚ್ಚುವ ಸಂಸ್ಕಾರ ಆಗುವ ಮೊದಲೇ ಅವರು ಗುರುಗಳಾದ ವೀರಸೇನರ ಆಶ್ರಯಕ್ಕೆ ಬಂದರೆಂಬುದು ಪ್ರಸಿದ್ಧ. ಎಂದರೆ ಹಿರಿಯ ಯತಿಗಳ ನಡುವೆ ಎಳೆಯ ಮಗುವಾಗಿ ಕಲಿತವರು ಅವರು. ಗುರುಗಳು ಅರ್ಧಕ್ಕೆ ಬಿಟ್ಟುಹೋದ ಜಯಧವಲಾ ಟೀಕೆಯನ್ನು ಅವರು 837ರಲ್ಲಿ ಪೂರ್ಣಗೊಳಿಸಿದರು. ಅವರು ಬಿಟ್ಟುಹೋದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರರು ಮುಗಿಸಿದರು. ಆ ಜಯಧವಲೆಯ ತಾಡವಾಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಮೂಡುಬಿದಿರೆ. ಹಿರಿಯರು ಕಿರಿಯರಿಗೆ ವಿದ್ಯೆಯನ್ನು ದಾಟಿಸುವ ಬಗೆಯು ಜಿನಸೇನರಿಗೆ ಪುಸ್ತಕದ ವಿಷಯವಾಗಿರದೆ ಬಾಳಿನ ಅನುಭವವಾಗಿತ್ತೆಂಬುದನ್ನು ಮರೆಯಬಾರದು. ಕನ್ನಡದಲ್ಲಿ ಪಂಪನು 941ರಲ್ಲಿ ತನ್ನ ಆದಿಪುರಾಣವನ್ನು ರಚಿಸುವಾಗ ಕಥಾಭಾಗದಲ್ಲಿ ಜಿನಸೇನರನ್ನೇ ಅನುಸರಿಸಿದನು.

ಪ್ರಸಂಗದ ಸಾರ ಹೀಗಿದೆ. ಯಶಸ್ವತಿಯ ಮಗಳು ಬ್ರಾಹ್ಮಿ ಮತ್ತು ಸುನಂದೆಯ ಮಗಳು ಸುಂದರಿ ತಂದೆಯ ಬಳಿಗೆ ಬರುತ್ತಾರೆ. ತಂದೆಯು ಅವರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ವಿದ್ಯೆಯೇ ನಿಜವಾದ ಭೂಷಣವೆಂದೂ, ವಿದ್ಯೆಯುಳ್ಳ ಹೆಣ್ಣು ಸ್ತ್ರೀಸಮೂಹದಲ್ಲಿ ಅಗ್ರಸ್ಥಾನವನ್ನು ಪಡೆಯುವಳೆಂದೂ ತಿಳಿಹೇಳುತ್ತಾನೆ. ಅನಂತರ ಸುವರ್ಣಫಲಕದ ಮೇಲೆ ಬಲಗೈಯಿಂದ ಅಕ್ಷರಗಳನ್ನೂ ಎಡಗೈಯಿಂದ ಅಂಕಿಗಳನ್ನೂ ಬರೆದು ಕಲಿಸುತ್ತಾನೆ. ಅವರಿಗೆ ವ್ಯಾಕರಣ, ಛಂದಸ್ಸು, ಅಲಂಕಾರಗಳ ಬೋಧೆಯೂ ಆಗುತ್ತದೆ. ಆಮೇಲೆ ಗಂಡುಮಕ್ಕಳ ಸರದಿ. ಹಿರಿಯನಾದ ಭರತನಿಗೆ ಅರ್ಥಶಾಸ್ತ್ರ ಮತ್ತು ನೃತ್ಯಶಾಸ್ತ್ರ, ವೃಷಭಸೇನನಿಗೆ ಗಾಂಧರ್ವಶಾಸ್ತ್ರ, ಅನಂತವಿಜಯನಿಗೆ ಚಿತ್ರಕಲೆ ಮತ್ತು ವಾಸ್ತುವಿದ್ಯೆ, ಬಾಹುಬಲಿಗೆ ಕಾಮನೀತಿ, ಆಯುರ್ವೇದ, ಧನುರ್ವೇದ, ಆನೆ ಕುದುರೆಗಳ ಶಾಸ್ತ್ರ, ರತ್ನಪರೀಕ್ಷೆ. ಇದಾದ ಮೇಲೆಯೇ ಹಸಿವಿನಿಂದ ಕಂಗೆಟ್ಟ ಪ್ರಜೆಗಳು ಬಂದು ಮೊರೆಯಿಡುವುದು, ಆದಿದೇವನು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸುವುದು. ಲೋಕಕ್ಕೆ ಗುರುವಾಗುವ ಮುನ್ನ ಆತ ಮನೆಗೆ ಗುರುವಾದನೆಂಬುದು ಕವಿಯ ಕ್ರಮ.

ಈ ಕ್ರಮದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು ಸರದಿ. ನೂರಕ್ಕೆ ಕಡಿಮೆಯಿಲ್ಲದ ಗಂಡುಮಕ್ಕಳಿದ್ದ ಮನೆಯಲ್ಲಿ ಮೊದಲ ಪಾಠ ಆದದ್ದು ಇಬ್ಬರು ಹೆಣ್ಣುಮಕ್ಕಳಿಗೆ. ಗಂಡುಮಕ್ಕಳಿಗೆ ಹೇಳಿ ಉಳಿದ ಹೊತ್ತಿನಲ್ಲಿ ಅವರಿಗೆ ಹೇಳಿದ್ದಲ್ಲ. ಎರಡನೆಯದು ಹಂಚಿಕೆ. ಎಲ್ಲ ಮಕ್ಕಳನ್ನೂ ಸಾಲಾಗಿ ಕೂರಿಸಿ ಒಂದೇ ಪಾಠವನ್ನು ಒಪ್ಪಿಸಲಿಲ್ಲ. ಅಕ್ಕಪಕ್ಕದಲ್ಲಿ ಕುಳಿತ ಇಬ್ಬರು ತಂಗಿಯರಲ್ಲಿ ಕೂಡ ಒಬ್ಬಳಿಗೆ ಅಕ್ಷರ, ಇನ್ನೊಬ್ಬಳಿಗೆ ಅಂಕಿ. ಸಮತೆಯೆಂದರೆ ಎಲ್ಲರಿಗೂ ಒಂದೇ ತುತ್ತು ಎಂದಲ್ಲ, ಎಲ್ಲರಿಗೂ ಅವರವರ ತುತ್ತು ಎಂಬುದನ್ನು ಈ ಚಿತ್ರವು ಉಪದೇಶವಿಲ್ಲದೆಯೇ ತೋರಿಸುತ್ತದೆ.

ಹಂಚಿಕೆಯ ಫಲವನ್ನು ಕಾವ್ಯದ ಮುಂದಿನ ಭಾಗದಲ್ಲಿ ಹುಡುಕಿದರೆ ಕವಿಯ ದೃಷ್ಟಿ ಇನ್ನೂ ಸ್ಪಷ್ಟವಾಗುತ್ತದೆ. ಗಾಂಧರ್ವವಿದ್ಯೆಯನ್ನು ಕಲಿತ ವೃಷಭಸೇನನೇ ಮುಂದೆ ಪ್ರಥಮ ಗಣಧರನಾಗುತ್ತಾನೆ. ನಾದಕ್ಕೆ ಕಿವಿಗೊಡಲು ಕಲಿತವನು ದಿವ್ಯಧ್ವನಿಯನ್ನು ಗ್ರಹಿಸುವವನಾಗುತ್ತಾನೆ. ರತ್ನಗಳ ಬೆಲೆ ಕಟ್ಟುವುದನ್ನು ಕಲಿತ ಬಾಹುಬಲಿಯೇ ಚಕ್ರರತ್ನದ ಬೆಲೆ ಎಷ್ಟೆಂಬುದನ್ನು ಕಂಡುಕೊಂಡು ರಾಜ್ಯವನ್ನು ತೊರೆಯುತ್ತಾನೆ. ಬ್ರಾಹ್ಮಿಯು ದೀಕ್ಷೆಗೊಂಡು ಆರ್ಯಿಕೆಯರ ಸಂಘಕ್ಕೆ ಹಿರಿಯಳಾಗುತ್ತಾಳೆ. ಅಕ್ಷರ ಕಲಿತವಳು ಇತರರಿಗೆ ದಾರಿ ತೋರುವವಳಾಗುತ್ತಾಳೆ. ಜಿನಸೇನರು ಈ ಎಳೆಗಳನ್ನು ಬಾಯಿಬಿಟ್ಟು ಹೇಳಿ ಜೋಡಿಸಿಲ್ಲ. ಆದರೆ ಪಾಠದ ಪಟ್ಟಿಯನ್ನು ಕೇವಲ ವಿದ್ಯೆಗಳ ಹೆಸರುಗಳೆಂದು ದಾಟಿಹೋಗುವ ಓದುಗನು ಕಾವ್ಯದ ಅರ್ಧ ಅರ್ಥವನ್ನು ಕಳೆದುಕೊಳ್ಳುತ್ತಾನೆ.

ಇದೇ ಕಥೆಯನ್ನು ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲಿ ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿ ಹೇಳಿದಾಗ ಮನೆಪಾಠದ ಏರ್ಪಾಡು ಬದಲಾಗುತ್ತದೆ. ಅಲ್ಲಿಯೂ ಬ್ರಾಹ್ಮಿಗೆ ಬಲಗೈಯಿಂದ ಲಿಪಿಗಳು, ಸುಂದರಿಗೆ ಎಡಗೈಯಿಂದ ಗಣಿತ ಎಂಬುದು ಉಳಿದಿದೆ. ಆದರೆ ತಂದೆಯು ಎಪ್ಪತ್ತೆರಡು ಕಲೆಗಳನ್ನು ಭರತನಿಗೆ ಕಲಿಸುತ್ತಾನೆ. ಭರತನು ಅವನ್ನು ತನ್ನ ತಮ್ಮಂದಿರಿಗೆ ಕಲಿಸುತ್ತಾನೆ. ಬಾಹುಬಲಿಗೆ ಮಾತ್ರ ತಂದೆಯಿಂದ ಪ್ರತ್ಯೇಕ ಪಾಠವಿದೆ. ಹೀಗೆ ಎರಡು ಮಹಾಕೃತಿಗಳು ಎರಡು ಪದ್ಧತಿಗಳನ್ನು ಮುಂದಿಡುತ್ತವೆ. ಒಂದರಲ್ಲಿ ಗುರುವು ಒಂದೊಂದು ಮಗುವಿನ ಬಳಿಗೂ ತಾನೇ ಹೋಗುತ್ತಾನೆ. ಇನ್ನೊಂದರಲ್ಲಿ ಹಿರಿಯ ಮಗುವಿಗೆ ಕಲಿಸಿ, ಆ ಮಗುವಿನ ಮೂಲಕ ಉಳಿದವರಿಗೆ ಕಲಿಸುತ್ತಾನೆ. ಹಲವು ಮಕ್ಕಳಿರುವ ಮನೆಯಲ್ಲಿ ಪಾಠ ಹೇಳಲು ಕುಳಿತವರು ಇಂದಿಗೂ ಈ ಎರಡು ದಾರಿಗಳ ನಡುವೆಯೇ ಓಡಾಡುತ್ತಾರೆ.

ಎರಡನೆಯ ದಾರಿಯು ಸುಲಭವೂ ಹೌದು, ನಮ್ಮ ನಾಡಿನಲ್ಲಿ ರೂಢವೂ ಹೌದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ಶಾಲೆಗಳ ಲೆಕ್ಕವನ್ನು ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿಯು ಇದಕ್ಕೆ ಸಾಕ್ಷಿ. ಆ ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ ಕನ್ನಡ ಕಲಿಸುವವು 235. ಕಲಿಯುವವರು ಒಟ್ಟು 6,641 ಮಂದಿ. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳು, ಒಬ್ಬ ಅಯ್ಯ. ಮುಂದೆ ಹೋದ ಮಕ್ಕಳು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿಕೊಂಡು, ಇಂಗ್ಲೆಂಡು ಇದನ್ನು ಅನುಸರಿಸಿದ್ದು ಯೋಗ್ಯವೇ ಆಯಿತೆಂದು ಬರೆದನು. ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು 1797ರಲ್ಲಿ ಇದನ್ನೇ ಹೊಸ ಶಿಕ್ಷಣಕ್ರಮವೆಂದು ಲಂಡನ್ನಿನಲ್ಲಿ ಪ್ರಕಟಿಸಿದ್ದನು. ಆದರೆ ಅದೇ ವರದಿಯಲ್ಲಿ ಎರಡು ಕುಂದುಗಳೂ ಕಾಣುತ್ತವೆ. ಮಕ್ಕಳು ಹಳೆಯ ಪದ್ಯಗಳನ್ನು ಅರ್ಥವರಿಯದೆ ಉರುಹೊಡೆಯುತ್ತಿದ್ದರೆಂಬುದು ಒಂದು. ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ 60 ಎಂಬುದು ಇನ್ನೊಂದು. ಬ್ರಾಹ್ಮಿಯ ಹೆಸರಿನ ಲಿಪಿಯಿಂದ ಬೆಳೆದ ಅಕ್ಷರಗಳನ್ನು ಮರಳಿನ ಮೇಲೆ ತಿದ್ದುತ್ತಿದ್ದ ಕೈಗಳಲ್ಲಿ ಹೆಣ್ಣುಮಕ್ಕಳ ಕೈಗಳು ನೂರಕ್ಕೆ ಒಂದರಷ್ಟೂ ಇರಲಿಲ್ಲ.

ಅದೇ ಸಮೀಕ್ಷೆಗೆ ಕೆನರಾ ಜಿಲ್ಲೆಯಿಂದ ಹೋದ ಉತ್ತರವು ಬೇರೆ ರೀತಿಯದು. ಉತ್ತರ ದಕ್ಷಿಣವೆಂಬ ವಿಭಾಗವಾಗದೆ ಇದ್ದ ಅಂದಿನ ಕೆನರಾದ ಕಲೆಕ್ಟರನು 1822ರ ಆಗಸ್ಟ್ ತಿಂಗಳಿನಲ್ಲಿ ನಮೂನೆಯನ್ನು ತುಂಬದೆಯೇ ಉತ್ತರ ಬರೆದನು. ಈ ಜಿಲ್ಲೆಯಲ್ಲಿ ಸ್ಥಿರವಾದ ಶಾಲೆಗಳಾಗಲಿ ಅದಕ್ಕೆಂದೇ ನಿಯತರಾದ ಉಪಾಧ್ಯಾಯರಾಗಲಿ ಇಲ್ಲ, ವಿದ್ಯಾಭ್ಯಾಸವು ಬಹಳ ಮಟ್ಟಿಗೆ ಖಾಸಗಿಯಾಗಿ ನಡೆಯುವುದರಿಂದ ಲೆಕ್ಕ ಹಾಕಿ ಪ್ರಯೋಜನವಿಲ್ಲ ಎಂಬುದು ಅದರ ಆಶಯ. ತುಳುನಾಡಿನ ಊರುಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ಸಾಲುಗಟ್ಟಿಲ್ಲ. ಶಿರ್ತಾಡಿ, ನಾರಾವಿ, ವೇಣೂರುಗಳ ಕಡೆ ಒಂದೊಂದು ಮನೆಯೂ ತನ್ನ ಗದ್ದೆ ತೋಟಗಳ ನಡುವೆ ಒಂಟಿಯಾಗಿ ನಿಂತಿದೆ. ಮಳೆಗಾಲದಲ್ಲಿ ಒಂದು ತೋಡು ತುಂಬಿದರೆ ನೆರೆಮನೆಗೆ ಹೋಗುವುದೂ ಕಷ್ಟವಾಗಿತ್ತು. ಅಳಿಯಸಂತಾನ ಕಟ್ಟಿನ ಬೀಡು ಗುತ್ತುಗಳಲ್ಲಿ ಅಕ್ಕತಂಗಿಯರ ಮಕ್ಕಳೆಲ್ಲರೂ ಒಂದೇ ಸೂರಿನಡಿಯಲ್ಲಿ ಬೆಳೆಯುತ್ತಿದ್ದರು. ಇಂಥಲ್ಲಿ ವಿದ್ಯೆಯೆಂಬುದು ಮನೆಯ ಚಾವಡಿಯಲ್ಲಿ ನಡೆಯಬೇಕು, ಇಲ್ಲವೆ ನಡೆಯಲೇಬಾರದು. ಆ ಚಾವಡಿಗಳಲ್ಲಿ ಯಾರು ಎಷ್ಟು ಕಲಿತರು ಎಂಬುದಕ್ಕೆ ಸರಕಾರದ ಲೆಕ್ಕದಲ್ಲಿ ಸ್ಥಾನವಾಗಲಿಲ್ಲ.

ಲೆಕ್ಕಕ್ಕೆ ಸಿಗದ ಪಾಠದಲ್ಲಿ ಅನ್ಯಾಯವೂ ಲೆಕ್ಕಕ್ಕೆ ಸಿಗದು. ಮನೆಪಾಠದ ನೈತಿಕ ಸಮಸ್ಯೆ ಇರುವುದು ಇಲ್ಲಿಯೇ. ಹಿರಿಯ ಮಗುವು ಕಿರಿಯರಿಗೆ ಹೇಳಿಕೊಡುವುದು ಸ್ವತಃ ದೋಷವಲ್ಲ. ಹೇಳಿಕೊಡುವಾಗ ತಾನು ಕಲಿತದ್ದು ಗಟ್ಟಿಯಾಗುತ್ತದೆ. ಆದರೆ ಹೇಳಿಕೊಡುವುದೇ ಆ ಮಗುವಿನ ಏಕಮಾತ್ರ ಪಾಠವಾದರೆ ಅದು ಕಾಲುವೆಯಾಗುತ್ತದೆ, ಗದ್ದೆಯಾಗುವುದಿಲ್ಲ. ನೀರು ಅದರ ಮೂಲಕ ಹರಿದುಹೋಗುತ್ತದೆ, ಅದರಲ್ಲಿ ಪೈರು ಬೆಳೆಯುವುದಿಲ್ಲ. ಆ ಸ್ಥಾನಕ್ಕೆ ಸಾಮಾನ್ಯವಾಗಿ ಬರುವವಳು ಹಿರಿಯ ಮಗಳು. ತಮ್ಮನಿಗೆ ಮಗ್ಗಿ ಹೇಳಿಸು, ತಂಗಿಯ ಕೈಹಿಡಿದು ತಿದ್ದಿಸು, ಕೂಸನ್ನು ನೋಡಿಕೋ ಎನ್ನುವಾಗ ಅವಳ ಪುಸ್ತಕ ಮುಚ್ಚಿಯೇ ಇರುತ್ತದೆ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಆಚಾರ್ಯರು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಹೇಳಿರುವ ಕಾರಣಗಳಲ್ಲಿ ಮಾತ್ಸರ್ಯವೂ ಅಂತರಾಯವೂ ಸೇರಿವೆ. ಮಾತ್ಸರ್ಯವೆಂದರೆ ಬಲ್ಲವನು ತಾನು ಬಲ್ಲುದನ್ನು ಹೇಳದೆ ಹಿಡಿದಿಡುವುದು. ಅಂತರಾಯವೆಂದರೆ ಇನ್ನೊಬ್ಬರ ಕಲಿಕೆಗೆ ಅಡ್ಡಬರುವುದು. ಅಂತರಾಯವು ದ್ವೇಷದಿಂದಲೇ ಆಗಬೇಕೆಂದಿಲ್ಲ. ಒಂದು ಮಗುವಿನ ಕಲಿಕೆಯ ಹೊತ್ತನ್ನು ಇನ್ನೊಂದು ಮಗುವಿನ ಅನುಕೂಲಕ್ಕಾಗಿ ದಿನದಿನವೂ ಕತ್ತರಿಸುವ ತಾಯಿತಂದೆಯರು ಪ್ರೀತಿಯಿಂದಲೇ ಅಂತರಾಯವನ್ನು ಮಾಡುತ್ತಿರುತ್ತಾರೆ. ಪ್ರಮಾದವೂ ಹಿಂಸೆಯ ಬಾಗಿಲೆಂದು ಬಲ್ಲ ಶ್ರಾವಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೇಮಚಂದ್ರರ ಕೃತಿಯು ಈ ಅಪಾಯವನ್ನು ಮುಚ್ಚಿಟ್ಟಿಲ್ಲ ಎಂಬುದು ಅವರ ಹಿರಿಮೆ. ಅಲ್ಲಿ ಸುಂದರಿಯು ದೀಕ್ಷೆಯನ್ನು ಬಯಸಿದಾಗ ತಡೆಯುವವನು ಹಿರಿಯಣ್ಣನಾದ ಭರತನೇ. ಅವನು ದಿಗ್ವಿಜಯಕ್ಕೆ ಹೋದ ದೀರ್ಘಕಾಲವೆಲ್ಲ ಅವಳು ಆಯಂಬಿಲ ವ್ರತವನ್ನು ಆಚರಿಸಿ ಕೃಶಳಾಗುತ್ತಾಳೆ. ಮರಳಿ ಬಂದ ಭರತನು ಅವಳ ಸ್ಥಿತಿಯನ್ನು ಕಂಡು ಪಶ್ಚಾತ್ತಾಪಪಟ್ಟು ಅನುಮತಿ ಕೊಡುತ್ತಾನೆ. ತಮ್ಮಂದಿರಿಗೆಲ್ಲ ವಿದ್ಯೆ ಹೇಳಿದ ಅಣ್ಣನೇ ತಂಗಿಯ ದಾರಿಗೆ ಅಡ್ಡನಿಂತದ್ದು ಆಕಸ್ಮಿಕವಲ್ಲ. ಕಲಿಸುವ ಅಧಿಕಾರವನ್ನು ಚಿಕ್ಕಂದಿನಲ್ಲಿ ಪಡೆದವನಿಗೆ, ಒಡಹುಟ್ಟಿದವರ ಬಾಳನ್ನು ನಿರ್ಣಯಿಸುವ ಅಧಿಕಾರವೂ ತನ್ನದೆಂದು ತೋರುವುದು ಸಹಜ.

ಇಲ್ಲಿ ಜಿನಸೇನ ಪಂಪರ ಪದ್ಧತಿಯೂ ದೋಷಮುಕ್ತವೆಂದು ತೀರ್ಮಾನಿಸುವಂತಿಲ್ಲ. ಒಬ್ಬೊಬ್ಬರಿಗೂ ಅವರವರ ವಿದ್ಯೆ ದೊರೆತ ಆ ಮನೆಯ ಮಕ್ಕಳೇ ಅಲ್ಲವೆ ಪೋದನಪುರದ ಬಯಲಿನಲ್ಲಿ ಎದುರುಬದುರಾಗಿ ನಿಂತವರು? ಚಕ್ರವು ಅಯೋಧ್ಯೆಯ ಬಾಗಿಲಲ್ಲಿ ನಿಂತಾಗ ಭರತನು ತಮ್ಮಂದಿರಿಂದ ನಮಸ್ಕಾರವನ್ನು ಬೇಡುತ್ತಾನೆ. ಹಲವು ತಮ್ಮಂದಿರು ತಂದೆಯ ಬಳಿಗೆ ಹೋಗಿ ದೀಕ್ಷೆ ಪಡೆಯುತ್ತಾರೆ. ಬಾಹುಬಲಿಯು ಕೊಡುವ ಉತ್ತರವನ್ನು ಪಂಪನು ತನ್ನ ಕಾವ್ಯದ ಶಿಖರಗಳಲ್ಲಿ ಒಂದಾಗಿಸಿದ್ದಾನೆ: ಹಿರಿಯಣ್ಣನೆಂದು ಎರಗುವುದರಲ್ಲಿ ಅವಮಾನವಿಲ್ಲ, ಕತ್ತಿಯನ್ನು ತೋರಿಸಿ ಎರಗೆಂದರೆ ಎರಗುವುದು ಹೇಡಿತನ ಎಂಬುದು ಅದರ ತಾತ್ಪರ್ಯ. ಅಣ್ಣತನವೆಂಬುದು ಪ್ರೀತಿಯಿಂದ ಸಲ್ಲುವ ಗೌರವ. ಹಕ್ಕಿನಿಂದ ವಸೂಲುಮಾಡುವ ಕಪ್ಪವಲ್ಲ. ಬೇರೆಬೇರೆ ಪಾಠಗಳನ್ನು ಕಲಿತ ಮಕ್ಕಳಿಗೆ ಒಬ್ಬರ ಎದುರು ಒಬ್ಬರು ಹೇಗೆ ನಡೆದುಕೊಳ್ಳಬೇಕೆಂಬ ಸಾಮಾನ್ಯ ಪಾಠವನ್ನು ಕವಿಯು ಆ ಪಟ್ಟಿಯಲ್ಲಿ ಎಲ್ಲಿಯೂ ಹೇಳಿಲ್ಲ. ಆ ಪಾಠವು ಬಾಹುಬಲಿಗೆ ವಿರಕ್ತಿಯ ಮೂಲಕವೂ ಭರತನಿಗೆ ಸೋಲಿನ ಮೂಲಕವೂ ಆಗಬೇಕಾಯಿತು. ಕಾರ್ಕಳದಲ್ಲಿ 1432ರಿಂದ, ವೇಣೂರಿನಲ್ಲಿ 1604ರಿಂದ ನಿಂತಿರುವ ಬಾಹುಬಲಿಯ ಮೂರ್ತಿಗಳು ತ್ಯಾಗದ ಪ್ರತೀಕಗಳಷ್ಟೇ ಅಲ್ಲ. ಒಂದು ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಆಗದೆ ಹೋದ ಪಾಠದ ನೆನಪುಗಳೂ ಹೌದು.

ಈ ಕೊರತೆಯನ್ನು ತನ್ನದೇ ರೀತಿಯಲ್ಲಿ ತುಂಬಲು ಹೊರಟವನು ಮೂಡುಬಿದಿರೆಯ ಕವಿ ರತ್ನಾಕರವರ್ಣಿ. 16ನೆಯ ಶತಮಾನದ ಅವನ ಭರತೇಶವೈಭವದಲ್ಲಿ ಅಣ್ಣತಮ್ಮಂದಿರು ಕೈಕೈ ಮಿಲಾಯಿಸುವುದಿಲ್ಲ. ಭರತನು ತಮ್ಮನನ್ನು ಮಾತಿನಿಂದಲೇ ಗೆಲ್ಲುತ್ತಾನೆ. ಪರಂಪರೆಯ ಕಥೆಯನ್ನು ತಿರುಚಿದನೆಂದು ಅವನನ್ನು ಆಕ್ಷೇಪಿಸಿದವರುಂಟು. ಆದರೆ ಹಿರಿಯನೆಂಬವನು ಬಲದಿಂದಲ್ಲ, ನುಡಿಯಿಂದ ಕಿರಿಯನ ಮನಸ್ಸನ್ನು ತಿದ್ದಬೇಕೆಂಬ ಹಂಬಲವು ಆ ಬದಲಾವಣೆಯ ಹಿಂದಿದೆ. ಹೇಮಚಂದ್ರರು ಬೇರೊಂದು ಪರಿಹಾರವನ್ನು ಕಾಣಿಸುತ್ತಾರೆ. ವರ್ಷಕಾಲ ನಿಶ್ಚಲನಾಗಿ ನಿಂತರೂ ಅಹಂಕಾರದ ಎಳೆಯೊಂದು ಕಡಿಯದ ಬಾಹುಬಲಿಯ ಬಳಿಗೆ ವೃಷಭದೇವನು ಬ್ರಾಹ್ಮಿ ಸುಂದರಿಯರನ್ನು ಕಳುಹಿಸುತ್ತಾನೆ. ಆನೆಯ ಮೇಲಿಂದ ಇಳಿ ಎಂಬ ಅವರ ಒಂದು ಮಾತಿನಿಂದ ಅವನ ಕಣ್ಣು ತೆರೆಯುತ್ತದೆ. ಆನೆಯೆಂದರೆ ಅಭಿಮಾನವೆಂದು ಅರಿಯಲು ಗಜಶಾಸ್ತ್ರವನ್ನು ಕಲಿತವನಿಗೆ ಸೋದರಿಯರ ಮಾತು ಬೇಕಾಯಿತು. ಮನೆಯ ಫಲಕದ ಮುಂದೆ ಕುಳಿತು ಕಲಿತ ಹೆಣ್ಣುಮಕ್ಕಳು ಕೊನೆಗೆ ಒಡಹುಟ್ಟಿದವನಿಗೇ ಗುರುಗಳಾದರು.

ಕಾವ್ಯಗಳಿಂದ ಇಷ್ಟನ್ನು ಕಂಡುಕೊಂಡ ಮೇಲೆ ಇಂದಿನ ಏರ್ಪಾಡುಗಳನ್ನು ತೂಗಿ ನೋಡಬಹುದು. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯು 2009-10ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವ್ಯಾಪಿಸಿತು. ಅದರಲ್ಲಿ ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಲಿಕೆಯ ಏಣಿಯಲ್ಲಿ ಅವರವರ ಮೆಟ್ಟಿಲಿನಿಂದ ಮುಂದುವರಿಯುತ್ತಾರೆ. ಗುಂಪುಗಳಿಗೆ ತಟ್ಟೆಗಳೆಂದು ಹೆಸರು. ಒಂದು ತಟ್ಟೆಯಲ್ಲಿ ಶಿಕ್ಷಕರು ಪೂರ್ಣವಾಗಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಮಕ್ಕಳು ಪರಸ್ಪರ ನೆರವಾಗುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಇದರ ಮುಖ್ಯ ಗುಣವೆಂದರೆ ಯಾವ ಮಗುವೂ ಸದಾ ಒಂದೇ ತಟ್ಟೆಯಲ್ಲಿ ಉಳಿಯುವುದಿಲ್ಲ. ಇಂದು ನೆರವಾದ ಮಗು ನಾಳೆ ಶಿಕ್ಷಕರ ಮುಂದೆ ಕಲಿಯುವ ಮಗುವಾಗುತ್ತದೆ. ಜಿನಸೇನರ ಪ್ರತ್ಯೇಕ ಪಾಠ, ಹೇಮಚಂದ್ರರ ಹಿರಿಯನ ನೆರವು ಇವೆರಡೂ ಅಲ್ಲಿ ಒಂದನ್ನೊಂದು ತಿದ್ದುತ್ತವೆ.

ಮನೆಯಲ್ಲಿ ಕಲಿಸುವವರಿಗೆ ಈ ತಿದ್ದುಪಡಿಯನ್ನು ಹೊರಗಿನಿಂದ ಮಾಡಿಸುವವರಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿ ಕೊಟ್ಟಿತು; ಮನೆಯನ್ನೇ ಶಾಲೆಯಾಗಿಸುವ ಕ್ರಮವನ್ನು ಅದು ಹೆಸರಿಸಿ ನಿಯಮಿಸಲಿಲ್ಲ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಗಳು ಮನೆಯಲ್ಲಿ ಕಲಿತವರಿಗೂ ಬಾಗಿಲು ತೆರೆದಿವೆ. ಆದರೆ ಪರೀಕ್ಷೆಯು ಮಗುವಿನ ಉತ್ತರವನ್ನು ನೋಡುತ್ತದೆಯೇ ಹೊರತು ಮನೆಯೊಳಗಿನ ಸರದಿಯನ್ನು ನೋಡುವುದಿಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಬಯಸದವರ ಮನೆಗಳೂ ಪಾಠಶಾಲೆಗಳಾದವು. ಒಂದು ಮೊಬೈಲು, ಮೂವರು ಮಕ್ಕಳು ಎಂಬ ಸ್ಥಿತಿಯು ಅನೇಕ ಕುಟುಂಬಗಳದಾಗಿತ್ತು. ಆ ಮೊಬೈಲು ಮೊದಲು ಯಾರ ಕೈಗೆ ಹೋಯಿತೆಂಬುದೇ ಆ ಮನೆಯ ಧರ್ಮಶಾಸ್ತ್ರವನ್ನು ಹೇಳುತ್ತಿತ್ತು.

ಆದಕಾರಣ ಶಿರ್ತಾಡಿಯ ತೋಟದ ಮನೆಯಲ್ಲಾಗಲಿ ಬೆಂಗಳೂರಿನ ಫ್ಲ್ಯಾಟಿನಲ್ಲಾಗಲಿ ಹಲವು ವಯಸ್ಸಿನ ಮಕ್ಕಳನ್ನು ಮುಂದೆ ಕೂರಿಸಿಕೊಂಡ ತಾಯಿತಂದೆಯರು ಸಂಜೆಗೊಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಇಂದು ಪ್ರತಿಯೊಂದು ಮಗುವಿಗೂ, ಸ್ವಲ್ಪ ಹೊತ್ತಾದರೂ, ಅದರದೇ ಆದ ಪಾಠ ಆಯಿತೆ? ಇತರರಿಗೆ ಹೇಳಿಕೊಟ್ಟ ಮಗುವಿಗೆ ಹೇಳಿಕೊಟ್ಟವರು ಯಾರು? ಹಿರಿಯರು ಕಿರಿಯರ ಮೇಲೆ ಎತ್ತಿದ ದನಿಯಲ್ಲಿ ಅಕ್ಕರೆಯಿತ್ತೆ, ಚಕ್ರದ ಸದ್ದಿತ್ತೆ? ಈ ಪ್ರಶ್ನೆಗಳಿಗೆ ಪಠ್ಯಪುಸ್ತಕವಾಗಲಿ ಹಣವಾಗಲಿ ಬೇಡ; ತನ್ನ ಅನುಕೂಲವನ್ನು ಕೊಂಚ ಬಿಟ್ಟುಕೊಡುವ ಅಪರಿಗ್ರಹ ಸಾಕು.

ಶ್ರುತಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗ್ರಂಥಗಳಿಗೆ ಪೂಜೆ ಸಲ್ಲುತ್ತದೆ. ತಾಡವಾಲೆಯನ್ನು ಹುಳುವಿನಿಂದ ಕಾಪಾಡುವಷ್ಟೇ ಎಚ್ಚರದಿಂದ, ಮನೆಯ ಮೂಲೆಯಲ್ಲಿ ಮುಚ್ಚಿಹೋಗುತ್ತಿರುವ ಹಿರಿಯ ಮಗಳ ಪುಸ್ತಕವನ್ನೂ ಕಾಪಾಡುವುದು ಶ್ರುತಪೂಜೆಯೇ ಆಗುತ್ತದೆ. ಆದಿದೇವನ ಎಡಗೈ ಬಲಗೈಗಳೆರಡೂ ಮೊದಲು ಹೆಣ್ಣುಮಕ್ಕಳಿಗಾಗಿ ಬರೆದವೆಂಬುದನ್ನು ಹಾಡಿ ಹೊಗಳುವ ಸಮಾಜವು, ಆ ಸರದಿಯನ್ನು ತನ್ನ ಚಾವಡಿಯಲ್ಲಿಯೂ ಪಾಲಿಸಿದಾಗ ಮಾತ್ರ ಆ ಕಾವ್ಯವನ್ನು ಓದಿದಂತಾಗುತ್ತದೆ.